ಕಚ್ಚಾ ಛಾಯಾಕಡತಗಳು: ಪಠನ ಮತ್ತು ಸಂರಕ್ಷಣೆ

ತಾಡಪತ್ರ ಹಾಗೂ ಕಾಗದದ ಹಸ್ತಪ್ರತಿಗಳ ಛಾಯಾಚಿತ್ರಣಕ್ಕೆ ಈಗ ಡಿಜಿಟಲ್ ಕ್ಯಾಮರಾಗಳೇ ಹೆಚ್ಚಾಗಿ ಬಳಕೆಯಲ್ಲಿವೆ. ಇವುಗಳಿಂದ ತೆಗೆದ ಚಿತ್ರವನ್ನು ಎರಡು ಬಗೆಯಲ್ಲಿ ಉಳಿಸಿಕೊಳ್ಳಬಹುದು: ಕ್ಯಾಮರಾದೊಳಗೇ ಸಂಸ್ಕರಣಗೊಂಡ ‘ಜೆಪೆಗ್’ ಚಿತ್ರವಾಗಿ, ಇಲ್ಲವೆ ಸಂಸ್ಕರಣಕ್ಕೆ ಒಳಗಾಗದ ‘ರಾ’ ಕಡತವಾಗಿ, ಎಂದರೆ ಕಚ್ಚಾ ಕಡತವಾಗಿ. ವಿದ್ವತ್ಕಾರ್ಯಕ್ಕೆ ಎರಡನೆಯದೇ ಶ್ರೇಷ್ಠವೆಂಬುದು ಅನುಭವಿಗಳ ಅಭಿಮತ. ಆದರೆ ಹೊಸ ಕ್ಯಾಮರಾದ ಕಚ್ಚಾ ಕಡತವನ್ನು ಗಣಕಯಂತ್ರದಲ್ಲಿರುವ ಹಳೆಯ ತಂತ್ರಾಂಶವು ತೆರೆಯಲಾರದೆ ಹೋಗುವ ಪ್ರಸಂಗಗಳು ಅಪರೂಪವಲ್ಲ. ಆಗ ಚಿತ್ರವೇ ಕೆಟ್ಟಿತೆಂದು ಭಾವಿಸಿ ಕಡತವನ್ನು ಅಳಿಸಿಬಿಡುವುದೂ, ಜೆಪೆಗ್ ಒಂದನ್ನೇ ಉಳಿಸಿಕೊಂಡು ಸುಮ್ಮನಾಗುವುದೂ ಉಂಟು. ಕಟ್ಟನ್ನು ಬಿಚ್ಚಿ ಮತ್ತೊಮ್ಮೆ ಚಿತ್ರ ತೆಗೆಯುವ ಅವಕಾಶ ಎಲ್ಲ ಭಂಡಾರಗಳಲ್ಲಿಯೂ ದೊರೆಯುವುದಿಲ್ಲ. ಶಿಥಿಲವಾದ ಓಲೆಯು ಎರಡನೆಯ ಸಲದ ಸ್ಪರ್ಶವನ್ನು ತಾಳದೆಯೂ ಇರಬಹುದು. ಆದುದರಿಂದ ಇಂಥ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮವನ್ನು ತಿಳಿದಿರುವುದು ಅವಶ್ಯಕ.

ಕಚ್ಚಾ ಕಡತದ ಸ್ವರೂಪ

ಕ್ಯಾಮರಾದ ಸಂವೇದಕ ಫಲಕದಲ್ಲಿ ಬೆಳಕನ್ನು ಅಳೆಯುವ ಕೋಟ್ಯಂತರ ಸೂಕ್ಷ್ಮ ಕೋಷ್ಠಗಳಿರುತ್ತವೆ. ಒಂದೊಂದು ಕೋಷ್ಠವೂ ಬೆಳಕಿನ ಪ್ರಮಾಣವನ್ನಷ್ಟೆ ಬಲ್ಲುದು, ಬಣ್ಣವನ್ನರಿಯದು. ಬಣ್ಣವನ್ನು ಗ್ರಹಿಸಲು ಪ್ರತಿಯೊಂದು ಕೋಷ್ಠದ ಮೇಲೂ ಕೆಂಪು, ಹಸಿರು ಅಥವಾ ನೀಲಿ ಶೋಧಕವೊಂದನ್ನು ಹೊದಿಸಿರುತ್ತಾರೆ. ನಾಲ್ಕು ಕೋಷ್ಠಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ ಬರುವಂತೆ ಹೊಂದಿಸುವ ಈ ಕ್ರಮಕ್ಕೆ ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರ ಹೆಸರಿನಲ್ಲಿ 1976ರಲ್ಲಿ ಪೇಟೆಂಟ್ ದೊರೆಯಿತು. ಹೆಚ್ಚಿನ ಕ್ಯಾಮರಾಗಳಲ್ಲಿ ಇಂದಿಗೂ ಇದೇ ಕ್ರಮವಿದೆ.

ಈ ಕೋಷ್ಠಗಳು ಅಳೆದ ಸಂಖ್ಯೆಗಳನ್ನು ಬಹುಮಟ್ಟಿಗೆ ಇದ್ದಂತೆಯೇ ದಾಖಲಿಸಿದುದು ಕಚ್ಚಾ ಕಡತ. ಅದು ನೇರವಾಗಿ ಕಣ್ಣಿಗೆ ಕಾಣುವ ಚಿತ್ರವಲ್ಲ. ಚಿತ್ರವನ್ನು ಕಟ್ಟಲು ಬೇಕಾದ ಸಾಮಗ್ರಿ. ನೆರೆಯ ಕೋಷ್ಠಗಳನ್ನು ನೋಡಿ ಇಲ್ಲದ ಬಣ್ಣಗಳನ್ನು ಊಹಿಸಿ ತುಂಬುವ ಕೆಲಸ, ಬಿಳುಪಿನ ಸಮತೋಲ, ಬಣ್ಣದ ಹೊಂದಾಣಿಕೆ ಇವೆಲ್ಲವೂ ಆ ಮೇಲೆ ತಂತ್ರಾಂಶದಲ್ಲಿ ನಡೆಯಬೇಕು. ಜೆಪೆಗ್‌ನಲ್ಲಿ ಈ ತೀರ್ಮಾನಗಳನ್ನೆಲ್ಲ ಕ್ಯಾಮರಾ ತಾನೇ ಕೈಗೊಂಡು, ಉಳಿದ ಸಾಮಗ್ರಿಯನ್ನು ಬಿಸಾಡಿರುತ್ತದೆ.

ವ್ಯತ್ಯಾಸವು ಸಂಖ್ಯೆಯಲ್ಲಿ ಸ್ಪಷ್ಟವಾಗುತ್ತದೆ. ಸಾಮಾನ್ಯ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೂ 256 ಮಟ್ಟಗಳಿರುತ್ತವೆ. 12 ಬಿಟ್ಟಿನ ಕಚ್ಚಾ ಕಡತದಲ್ಲಿ 4,096 ಮಟ್ಟಗಳೂ, 14 ಬಿಟ್ಟಿನದರಲ್ಲಿ 16,384 ಮಟ್ಟಗಳೂ ಇರುತ್ತವೆ. ಬಿಸಿಲಿನಲ್ಲಿ ತೆಗೆದ ಊರಹಬ್ಬದ ಚಿತ್ರಕ್ಕೆ ಇದರಿಂದ ಹೆಚ್ಚಿನ ಪ್ರಯೋಜನ ಕಾಣದೆ ಹೋಗಬಹುದು. ಆದರೆ ಮಸಿ ಮಾಸಿದ ಓಲೆಯಲ್ಲಿ ಅಕ್ಷರಕ್ಕೂ ಓಲೆಗೂ ಇರುವ ಭೇದವು ಕಂದುಬಣ್ಣದ ಎರಡು ಛಾಯೆಗಳ ನಡುವಣ ಅತ್ಯಲ್ಪ ಅಂತರ. ಆ ಅಂತರವನ್ನು ಹಿಗ್ಗಿಸಿ ಓದಬೇಕಾದಾಗ ಮಟ್ಟಗಳು ಹೆಚ್ಚಿದ್ದಷ್ಟೂ ಅಕ್ಷರ ಉಳಿಯುತ್ತದೆ; ಕಡಮೆಯಿದ್ದರೆ ಕಲೆಯೂ ಅಕ್ಷರವೂ ಒಂದಾಗಿಬಿಡುತ್ತವೆ. ಒಂದು ಅನುಸ್ವಾರದ ಇರವು ಇಲ್ಲದಿರವುಗಳಿಂದ ಪಾಠವೇ ಬೇರೆಯಾಗುವ ಕ್ಷೇತ್ರದಲ್ಲಿ ಇದು ಸಣ್ಣ ಮಾತಲ್ಲ.

ತಂತ್ರಾಂಶ ತೆರೆಯದಿರಲು ಕಾರಣ

ಕಚ್ಚಾ ಕಡತಕ್ಕೆ ಎಲ್ಲರೂ ಒಪ್ಪಿದ ಒಂದೇ ರೂಪವಿಲ್ಲ. ಕ್ಯಾನನ್‌ನದು ಸಿಆರ್2 ಮತ್ತು ಸಿಆರ್3, ನಿಕಾನ್‌ನದು ಎನ್‌ಇಎಫ್, ಸೋನಿಯದು ಎಆರ್‌ಡಬ್ಲ್ಯು. ಹೀಗೆ ತಯಾರಕರಿಗೊಂದು ರೂಪ. ಇವುಗಳ ಪೂರ್ಣ ವಿವರಣೆಯನ್ನು ತಯಾರಕರು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. 2005ರಲ್ಲಿ ನಿಕಾನ್ ಡಿ2ಎಕ್ಸ್ ಕ್ಯಾಮರಾದ ಕಡತಗಳಲ್ಲಿ ಬಿಳುಪಿನ ಸಮತೋಲದ ಮಾಹಿತಿಯು ಗೂಢಲಿಪಿಯಲ್ಲಿರುವುದು ತಿಳಿದುಬಂದು ದೊಡ್ಡ ಚರ್ಚೆ ನಡೆಯಿತು. ಆ ಗೂಢಲಿಪಿಯನ್ನು ಬಿಡಿಸಿದವರಲ್ಲಿ ಡೇವ್ ಕಾಫಿನ್ ಒಬ್ಬರು. ಇವರು 1997ರಿಂದ ಬೆಳೆಸಿಕೊಂಡು ಬಂದ ‘ಡಿಸಿರಾ’ ಎಂಬ ಮುಕ್ತ ತಂತ್ರಾಂಶವು ನೂರಾರು ಕ್ಯಾಮರಾಗಳ ಕಡತಗಳನ್ನು ಓದಬಲ್ಲುದಾಗಿತ್ತು. ಅದರ ಕೊನೆಯ ಆವೃತ್ತಿ 2018ರದು. ಅದರ ಅಡಿಪಾಯದ ಮೇಲೆ ಬೆಳೆದ ‘ಲಿಬ್‌ರಾ’ ಈಗ ಆ ಕಾರ್ಯವನ್ನು ಮುಂದುವರಿಸುತ್ತಿದೆ.

ಕಡತ ತೆರೆಯದಿರುವಿಕೆಯಲ್ಲಿ ಎರಡು ಬಗೆಗಳನ್ನು ಗುರುತಿಸಬೇಕು. ಮೊದಲನೆಯದು, ಕಡತದ ರಚನೆಯೇ ತಂತ್ರಾಂಶಕ್ಕೆ ಹೊಸದಾಗಿರುವುದು. ಎರಡನೆಯದು, ರಚನೆ ಪರಿಚಿತವಾಗಿದ್ದರೂ ಆ ಕ್ಯಾಮರಾದ ಹೆಸರು ತಂತ್ರಾಂಶದ ಪಟ್ಟಿಯಲ್ಲಿ ಇಲ್ಲದಿರುವುದು. ಪ್ರತಿಯೊಂದು ಮಾದರಿಗೂ ಕಪ್ಪಿನ ಮಟ್ಟ, ಬಿಳುಪಿನ ಮಟ್ಟ, ಬಣ್ಣದ ಕೋಷ್ಟಕ ಬೇರೆ ಬೇರೆ. ಅವು ತಿಳಿಯದೆ ಸಂಖ್ಯೆಗಳನ್ನು ಬಣ್ಣವಾಗಿ ಮಾರ್ಪಡಿಸಲಾಗದು. ಮೊದಲನೆಯದು ಲಿಪಿಯೇ ತಿಳಿಯದಿದ್ದಂತೆ; ಎರಡನೆಯದು ಲಿಪಿ ತಿಳಿದಿದ್ದರೂ ಲಿಪಿಕಾರನ ಸಂಕೇತಗಳು ತಿಳಿಯದಿದ್ದಂತೆ. ಎರಡರಲ್ಲಿಯೂ ದೋಷವಿರುವುದು ಓದುಗನಲ್ಲಿ, ಪ್ರತಿಯಲ್ಲಲ್ಲ.

ಒಂದು ನಿದರ್ಶನ

ಅಡೋಬಿ ಸಂಸ್ಥೆಯ ‘ಲೈಟ್‌ರೂಮ್ 6’ ತಂತ್ರಾಂಶವು 2015ರಲ್ಲಿ ಹೊರಬಂದಿತು. ಒಮ್ಮೆ ಬೆಲೆ ತೆತ್ತು ಕೊಳ್ಳಬಹುದಾಗಿದ್ದ ಲೈಟ್‌ರೂಮ್ ಆವೃತ್ತಿಗಳಲ್ಲಿ ಅದೇ ಕಡೆಯದು. ಅದರ ಕೊನೆಯ ಪರಿಷ್ಕರಣ 6.14, 2017ರ ಡಿಸೆಂಬರಿನಲ್ಲಿ ಬಂದಿತು. ಆ ಮೇಲೆ ಹೊಸ ಕ್ಯಾಮರಾಗಳ ಬೆಂಬಲವು ಚಂದಾ ಕೊಡುವವರ ಆವೃತ್ತಿಗೆ ಮಾತ್ರ ದೊರೆಯಿತು. 2018ರ ಆರಂಭದಲ್ಲಿ ಕ್ಯಾನನ್ ಸಂಸ್ಥೆಯು ‘ಇಒಎಸ್ ಎಂ50’ ಎಂಬ 24 ಮೆಗಾಪಿಕ್ಸೆಲ್ ಕ್ಯಾಮರಾವನ್ನು ಪ್ರಕಟಿಸಿ, ಅದರೊಡನೆ ಸಿಆರ್3 ರೂಪವನ್ನು ಬಳಕೆಗೆ ತಂದಿತು. ಹಿಂದಿನ ಸಿಆರ್2 ರೂಪವು ‘ಟಿಫ್’ ಎಂಬ ಹಳೆಯ ಚಿತ್ರರೂಪದ ಚೌಕಟ್ಟಿನ ಮೇಲೆ ನಿಂತಿದ್ದರೆ, ಸಿಆರ್3ರ ಚೌಕಟ್ಟು ಚಲಚ್ಚಿತ್ರ ಕಡತಗಳಾದ ಎಂಪಿ4 ಮೊದಲಾದವುಗಳ ಕುಲಕ್ಕೆ ಸೇರಿದ್ದು. ಹೀಗಾಗಿ ಲೈಟ್‌ರೂಮ್ 6ಕ್ಕೆ ಈ ಕಡತಗಳು ಅಪರಿಚಿತವಾಗಿಯೇ ಉಳಿದವು. ಹಳೆಯ ಡಿಸಿರಾ ಕೂಡ ಇಲ್ಲಿ ನಿರುತ್ತರವಾಯಿತು. ಸ್ವತಂತ್ರ ಪರಿಶೋಧಕರು ರಚನೆಯನ್ನು ಬಿಡಿಸಿದ ಮೇಲೆ 2020ರಲ್ಲಿ ಲಿಬ್‌ರಾ, 2021ರ ಕೊನೆಯಲ್ಲಿ ‘ಡಾರ್ಕ್‌ಟೇಬಲ್’ ಎಂಬ ಉಚಿತ ತಂತ್ರಾಂಶ, ಇವು ಸಿಆರ್3ನ್ನು ಓದುವಂತಾದವು. 2018ರಲ್ಲಿ ಓದಲಾಗದೆಂದು ಅಳಿಸಿದ ಕಡತವು ಎರಡು ಮೂರು ವರ್ಷಗಳಲ್ಲಿ ಯಾವ ವೆಚ್ಚವೂ ಇಲ್ಲದೆ ಓದಲು ಸಿಗುತ್ತಿತ್ತು ಎಂಬುದು ಈ ನಿದರ್ಶನದ ಸಾರ.

ಪರಿಹಾರಮಾರ್ಗಗಳು

ಕಡತ ತೆರೆಯದಿದ್ದಾಗ ಮೊದಲು ಮಾಡಬೇಕಾದುದು ಮೂಲ ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಸಂಗ್ರಾಹಕಗಳಲ್ಲಿ ಇರಿಸುವುದು. ಅಲ್ಲಿಯವರೆಗೆ ಕ್ಯಾಮರಾದ ಕಾರ್ಡನ್ನು ಬರಿದುಮಾಡಕೂಡದು. ಆ ಬಳಿಕ ಈ ಮಾರ್ಗಗಳನ್ನು ಪರಿಶೀಲಿಸಬಹುದು.

ಒಂದು: ಕ್ಯಾಮರಾ ತಯಾರಕರದೇ ತಂತ್ರಾಂಶ. ಕ್ಯಾನನ್‌ನ ‘ಡಿಜಿಟಲ್ ಫೋಟೋ ಪ್ರೊಫೆಷನಲ್’, ನಿಕಾನ್‌ನ ‘ಎನ್‌ಎಕ್ಸ್ ಸ್ಟುಡಿಯೊ’ ಮುಂತಾದವು ಉಚಿತವಾಗಿ ದೊರೆಯುತ್ತವೆ. ಇವುಗಳಲ್ಲಿ ಕಡತವನ್ನು ತೆರೆದು 16 ಬಿಟ್ಟಿನ ಟಿಫ್ ಆಗಿ ಉಳಿಸಿದರೆ ಯಾವ ಹಳೆಯ ತಂತ್ರಾಂಶವಾದರೂ ಪ್ರಾಯಶಃ ಓದಬಲ್ಲುದು. ಆದರೆ ಬಣ್ಣ, ಸಮತೋಲಗಳ ತೀರ್ಮಾನ ಅಷ್ಟಕ್ಕೆ ಮುಗಿದುಹೋಗಿರುತ್ತದೆ. ಗಾತ್ರವೂ ಅಧಿಕ. 24 ಮೆಗಾಪಿಕ್ಸೆಲ್ ಚಿತ್ರವೊಂದು ಸಂಕೋಚಿಸದ ಟಿಫ್‌ನಲ್ಲಿ ಸುಮಾರು 144 ಮೆಗಾಬೈಟ್ ಆಗುತ್ತದೆ. ಇನ್ನೂರು ಓಲೆಗಳ ಎರಡೂ ಬದಿಗಳ ಲೆಕ್ಕ ಹಿಡಿದರೆ ಇದು 57 ಗಿಗಾಬೈಟನ್ನು ಮೀರುತ್ತದೆ.

ಎರಡು: ಡಿಎನ್‌ಜಿ ರೂಪಕ್ಕೆ ಪರಿವರ್ತನೆ. ಅಡೋಬಿ ಸಂಸ್ಥೆಯು 2004ರಲ್ಲಿ ಈ ರೂಪವನ್ನು ಹೊರತಂದು ಅದರ ಪೂರ್ಣ ವಿವರಣೆಯನ್ನು ಪ್ರಕಟಿಸಿತು. ಇದರಲ್ಲಿ ಸಂವೇದಕದ ಮೂಲ ಸಂಖ್ಯೆಗಳು ಹಾಗೆಯೇ ಉಳಿಯುತ್ತವೆ. ಕ್ಯಾಮರಾದ ಬಣ್ಣದ ಕೋಷ್ಟಕವೂ ಕಡತದೊಳಗೇ ಸೇರಿರುತ್ತದೆ. ಆದುದರಿಂದ ಕ್ಯಾಮರಾದ ಹೆಸರನ್ನು ಕೇಳರಿಯದ ಹಳೆಯ ತಂತ್ರಾಂಶವೂ ಇದನ್ನು ಓದಬಲ್ಲುದು. ಎಂ50ರ ಕಡತಗಳನ್ನು ಲೈಟ್‌ರೂಮ್ 6ರಲ್ಲಿ ತೆರೆಯಲು ಇದೇ ರಾಜಮಾರ್ಗವಾಯಿತು. ಪರಿವರ್ತಕ ತಂತ್ರಾಂಶ ಉಚಿತವಾದುದು. ವಿಂಡೋಸ್ ಮತ್ತು ಮ್ಯಾಕ್ ಯಂತ್ರಗಳೆರಡರಲ್ಲಿಯೂ ನಡೆಯುತ್ತದೆ. ಪರಿವರ್ತಿಸುವಾಗ ಎರಡು ಎಚ್ಚರಗಳು ಅಗತ್ಯ. ಹಳೆಯ ಆವೃತ್ತಿಗೆ ಹೊಂದುವ ಆಯ್ಕೆಯನ್ನು ಆರಿಸಬೇಕು. ಇಲ್ಲವಾದರೆ ಪರಿವರ್ತಿತ ಕಡತವೂ ತೆರೆಯದಿರಬಹುದು. ಮಾಹಿತಿಯನ್ನು ಕಳೆದು ಗಾತ್ರ ಕುಗ್ಗಿಸುವ ಸಂಕೋಚನದ ಆಯ್ಕೆಯನ್ನು ಮಾತ್ರ ಎಂದಿಗೂ ಆರಿಸಬಾರದು.

ಮೂರು: ಮುಕ್ತ ತಂತ್ರಾಂಶಗಳು. ಡಾರ್ಕ್‌ಟೇಬಲ್, ರಾಥೆರಪಿ ಮೊದಲಾದವು ಕಚ್ಚಾ ಕಡತವನ್ನು ನೇರವಾಗಿ ಓದುತ್ತವೆ. ಲಿನಕ್ಸ್ ಯಂತ್ರಗಳಲ್ಲಿಯೂ ನಡೆಯುವುದರಿಂದ ಅಲ್ಪ ವೆಚ್ಚದಲ್ಲಿ ಕೆಲಸ ಮಾಡುವ ಗ್ರಂಥಭಂಡಾರಗಳಿಗೆ ಇವು ಒದಗಿಬರುತ್ತವೆ.

ನಾಲ್ಕು: ತಾತ್ಕಾಲಿಕ ವ್ಯವಸ್ಥೆ. ಬಹುತೇಕ ಕಚ್ಚಾ ಕಡತಗಳ ಒಳಗೆ ಕ್ಯಾಮರಾದ ತೆರೆಯಲ್ಲಿ ತೋರಿಸಲೆಂದು ಜೆಪೆಗ್ ಚಿತ್ರವೊಂದು ಅಡಕವಾಗಿರುತ್ತದೆ. ‘ಎಕ್ಸಿಫ್‌ಟೂಲ್’ನಂಥ ಸಾಧನದಿಂದ ಅದನ್ನು ಹೊರತೆಗೆಯಬಹುದು. ಪತ್ರಸಂಖ್ಯೆಗಳ ಕ್ರಮವನ್ನು ನೋಡಲು, ಬಿಟ್ಟುಹೋದ ಓಲೆಯನ್ನು ಗುರುತಿಸಲು ಅದು ಸಾಕು, ಪಾಠನಿರ್ಣಯಕ್ಕೆ ಸಾಲದು.

ಇನ್ನೊಂದು ಉಪಾಯವೂ ಪ್ರಚಾರದಲ್ಲಿದೆ. ಕಡತದೊಳಗೆ ಬರೆದಿರುವ ಕ್ಯಾಮರಾದ ಹೆಸರನ್ನು ಅಳಿಸಿ, ಅದೇ ತಯಾರಕರ ಹಳೆಯ ಮಾದರಿಯ ಹೆಸರನ್ನು ಬರೆದು ತಂತ್ರಾಂಶವನ್ನು ನಂಬಿಸುವುದು. ಎರಡು ಮಾದರಿಗಳ ಸಂವೇದಕವೂ ರಚನೆಯೂ ಸಮಾನವಾಗಿದ್ದಲ್ಲಿ ಇದು ಫಲಿಸುವುದುಂಟು. ಆದರೆ ಬಣ್ಣ ತಪ್ಪಬಹುದು. ಮಿಗಿಲಾಗಿ, ಕಡತವು ತನ್ನ ಹುಟ್ಟಿನ ಬಗೆಗೆ ಸುಳ್ಳು ಹೇಳತೊಡಗುತ್ತದೆ. ಪ್ರತಿಯ ಪುಷ್ಪಿಕೆಯಲ್ಲಿ ಲಿಪಿಕಾರನ ಹೆಸರನ್ನು ಕೆರೆದು ಬೇರೊಬ್ಬನ ಹೆಸರನ್ನು ಬರೆದಂತಾಗುವ ಈ ಕ್ರಮವನ್ನು ಮೂಲ ಕಡತದ ಮೇಲೆ ಪ್ರಯೋಗಿಸುವುದು ಸರ್ವಥಾ ಅನುಚಿತ.

ಮೂಲವನ್ನು ಉಳಿಸುವ ಪ್ರಶ್ನೆ

ಡಿಎನ್‌ಜಿ ಸಿದ್ಧವಾದ ಮೇಲೆ ಮೂಲ ಕಡತವೇಕೆ ಎಂಬ ಪ್ರಶ್ನೆ ಸಹಜವಾದುದು. ಸ್ಥಳಾಭಾವದ ಕಾರಣದಿಂದ ಮೂಲವನ್ನು ತೆಗೆದುಹಾಕುವವರೂ ಇದ್ದಾರೆ. ಆದರೆ ತಯಾರಕರು ಮೂಲದಲ್ಲಿ ತಮ್ಮದೇ ಸಂಕೇತಗಳಲ್ಲಿ ಬರೆದಿಟ್ಟ ಟಿಪ್ಪಣಿಗಳೆಲ್ಲವೂ ಪರಿವರ್ತಿತ ಕಡತದಲ್ಲಿ ಉಪಯೋಗಕ್ಕೆ ಬರುವಂತೆ ಉಳಿಯುತ್ತವೆಂದು ಹೇಳಲಾಗದು. ಕ್ಯಾನನ್‌ನ ಸ್ವಂತ ತಂತ್ರಾಂಶವು ಡಿಎನ್‌ಜಿಯನ್ನು ತೆರೆಯುವುದೂ ಇಲ್ಲ. ಪರಿವರ್ತಕದ ಒಂದು ಆವೃತ್ತಿಯಲ್ಲಿ ದೋಷವಿದ್ದು ಅದು ಮುಂದೆ ತಿಳಿದರೆ, ಮೂಲವಿದ್ದವರು ಮತ್ತೆ ಪರಿವರ್ತಿಸಿಕೊಳ್ಳಬಲ್ಲರು, ಇಲ್ಲದವರಿಗೆ ಗತಿಯಿಲ್ಲ.

ಈ ವಿಷಯದಲ್ಲಿ ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಇತಿಹಾಸವನ್ನು ನೆನೆಯಬಹುದು. ವೀರಸೇನಾಚಾರ್ಯರ ಧವಲಾಟೀಕೆಯ ತಾಡಪತ್ರ ಪ್ರತಿಗಳು ಅಲ್ಲಿ ಹಳಗನ್ನಡ ಲಿಪಿಯಲ್ಲಿದ್ದವು. ಭಾಷೆ ಪ್ರಾಕೃತ ಸಂಸ್ಕೃತಗಳಾಗಿದ್ದರೂ ಲಿಪಿ ತಿಳಿಯದ ಉತ್ತರದೇಶದ ಪಂಡಿತರಿಗೆ ಅವು ಮುಚ್ಚಿದ ಬಾಗಿಲಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೊದಲಾದ ಪ್ರತಿಲಿಪಿಕಾರ್ಯದಿಂದ ಗ್ರಂಥ ನಾಗರಿಗೆ ಬಂದಿತು; ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಮುದ್ರಣಗೊಳ್ಳತೊಡಗಿತು. ನಾಗರೀ ಪ್ರತಿಗಳು ಬಂದುವೆಂದು ಓಲೆಗಳನ್ನು ಯಾರೂ ಬಿಸಾಡಲಿಲ್ಲ. ಪಾಠದಲ್ಲಿ ಸಂಶಯ ಬಂದಾಗ ಹೋಗಿ ಕೇಳಲು ಮಾತೃಕೆಯೊಂದು ಉಳಿದಿದ್ದಿತು. ಪ್ರತಿಲಿಪಿಯು ಓದಿಗಾಗಿ, ಮಾತೃಕೆಯು ನಿರ್ಣಯಕ್ಕಾಗಿ ಎಂಬ ಈ ವಿವೇಕ ಛಾಯಾಕಡತಗಳಿಗೂ ಸಲ್ಲುತ್ತದೆ.

ಆದುದರಿಂದ ಕಚ್ಚಾ ಕಡತವನ್ನು ಮಾತೃಕೆಯಾಗಿಯೂ, ಡಿಎನ್‌ಜಿಯನ್ನು ಕಾರ್ಯಪ್ರತಿಯಾಗಿಯೂ, ಜೆಪೆಗ್ ಅನ್ನು ಅವಲೋಕನ ಪ್ರತಿಯಾಗಿಯೂ ಇರಿಸಿಕೊಳ್ಳುವುದು ಯುಕ್ತ. ಮೂರಕ್ಕೂ ಒಂದೇ ಹೆಸರಿದ್ದು, ಅದರಲ್ಲಿ ಹಸ್ತಪ್ರತಿಯ ಕ್ರಮಾಂಕ, ಪತ್ರಸಂಖ್ಯೆ, ಬದಿ ಇವು ತಿಳಿಯುವಂತಿರಬೇಕು. ಪ್ರತಿಯೊಂದು ಮೂಲ ಕಡತದ ಎಂಡಿ5ರಂಥ ತಾಳೆಸಂಖ್ಯೆಯನ್ನು ಪಟ್ಟಿಯಲ್ಲಿ ಬರೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿದರೆ ಕಡತವು ಕೆಟ್ಟಿದೆಯೋ ಇಲ್ಲವೋ ಎಂಬುದು ಖಚಿತವಾಗುತ್ತದೆ. ಕ್ಯಾಮರಾದ ಮಾದರಿ, ಪರಿವರ್ತಕದ ಆವೃತ್ತಿ, ಪರಿವರ್ತಿಸಿದ ದಿನಾಂಕಗಳೂ ಅದೇ ಪಟ್ಟಿಯಲ್ಲಿ ಇರತಕ್ಕವು.

ಎಲ್ಲಕ್ಕಿಂತ ಮೇಲಾದುದು ಮುಂಜಾಗ್ರತೆ. ಕ್ಯಾಮರಾವನ್ನು ಕೊಳ್ಳುವ ಮುನ್ನ ಅದರ ಒಂದು ಕಚ್ಚಾ ಕಡತವನ್ನು ಪಡೆದು ಸಂಸ್ಥೆಯ ಯಂತ್ರದಲ್ಲಿ ತೆರೆದು ನೋಡಬೇಕು. ಲೈಕಾ, ಪೆಂಟಾಕ್ಸ್ ಸಂಸ್ಥೆಗಳ ಹಲವು ಕ್ಯಾಮರಾಗಳು ಡಿಎನ್‌ಜಿಯನ್ನು ತಾವೇ ಬರೆಯುತ್ತವೆ. ಅಂಥವುಗಳಲ್ಲಿ ಈ ತೊಡಕು ಬಹುಮಟ್ಟಿಗೆ ಇರುವುದಿಲ್ಲ. ಭಂಡಾರಕ್ಕೆ ಹೊರಡುವ ಮುನ್ನ ಕಚ್ಚಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ದಾಖಲಿಸುವಂತೆ ಕ್ಯಾಮರಾವನ್ನು ಹೊಂದಿಸಿಕೊಳ್ಳಬೇಕು. ಇಷ್ಟಾಗಿಯೂ ಕಡತ ತೆರೆಯದಿದ್ದರೆ ಕಾಯಬೇಕು. ಇಂದು ಓದಲಾಗದ ಕಡತವನ್ನು ನಾಳೆ ಓದಬಹುದು. ಅಳಿಸಿದುದನ್ನು ಯಾರೂ ಓದಲಾರರು.