ಒಂದೇ ತಂತಿ, ಹಲವು ವೇಷ

ಯು.ಎಸ್.ಬಿ. ತಂತಿಯೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿದೊಡನೆ, ಅದರ ಇನ್ನೊಂದು ತುದಿಯಲ್ಲಿರುವುದು ಕೀಲಿಮಣೆಯೋ, ಮುದ್ರಣಯಂತ್ರವೋ, ಕಡತಗಳ ಭಂಡಾರವೋ ಎಂಬುದು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಅದಕ್ಕೆ ಕಣ್ಣಿಲ್ಲ. ಬಂದ ಅತಿಥಿಯನ್ನು ‘ನೀನಾರು?’ ಎಂದು ಕೇಳುತ್ತದೆ. ಹೇಳಿದ ಉತ್ತರವನ್ನು ನಂಬುತ್ತದೆ. ಈ ನಂಬಿಕೆಯ ಪರಿಚಯಕ್ಕೆ ಅಗ್ಗದ ಸಾಧನವೊಂದು ಉಂಟು. 2021ರ ಜನವರಿಯಲ್ಲಿ ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಸಂಸ್ಥೆಯು 4 ಡಾಲರು ಬೆಲೆಗೆ ಹೊರತಂದ ‘ಪೀಕೊ’ ಎಂಬ ಮೈಕ್ರೊಕಂಟ್ರೋಲರ್ ಬೋರ್ಡು ಅದು. ಉದ್ದ 51 ಮಿಲಿಮೀಟರು, ಅಗಲ 21.

ಪೀಕೊಗೆ ಜೋಡಿಸುವ ತಂತಿಯೊಳಗೆ ನಾಲ್ಕು ಎಳೆಗಳಿವೆ. ಎರಡು ವಿದ್ಯುತ್ತಿಗೆ, ಎರಡು ಸಂಕೇತಗಳಿಗೆ. ಸಂಕೇತದ ಎಳೆಗಳಿಗೆ ಡಿ-ಧನ, ಡಿ-ಋಣ ಎನ್ನೋಣ. ಕಂಪ್ಯೂಟರಿನ ಕಡೆಯಲ್ಲಿ ಇವೆರಡೂ ತಲಾ 15,000 ಓಮಿನ ರೋಧಕದ ಮೂಲಕ ಭೂಮಿಗೆ ಸೇರಿವೆ. ಆದುದರಿಂದ ಏನೂ ಜೋಡಿಸದಿರುವಾಗ ಅವುಗಳ ವೋಲ್ಟೇಜು ಸೊನ್ನೆ. ಬೋರ್ಡು ತನ್ನ ಕಡೆಯಿಂದ ಡಿ-ಧನವನ್ನು 1,500 ಓಮಿನ ರೋಧಕದ ಮೂಲಕ 3.3 ವೋಲ್ಟಿಗೆ ಸೇರಿಸುತ್ತದೆ. ಈಗ ವೋಲ್ಟೇಜು ಎಷ್ಟು? ಓಮನ ನಿಯಮವನ್ನು ಕಲಿತ ವಿದ್ಯಾರ್ಥಿ ಬಾಯಿಲೆಕ್ಕದಲ್ಲೇ ಹೇಳಬಲ್ಲನು: 3.3ನ್ನು 15,000ದಿಂದ ಗುಣಿಸಿ 16,500ರಿಂದ ಭಾಗಿಸಿದರೆ ಸರಿಯಾಗಿ 3 ವೋಲ್ಟ್. ಈ ಏರಿಕೆಯೇ ಬಾಗಿಲು ತಟ್ಟಿದ ಸದ್ದು. ಎತ್ತಿದ ಎಳೆ ಡಿ-ಧನವಾದರೆ ಅತಿಥಿ ಸೆಕೆಂಡಿಗೆ 1.2 ಕೋಟಿ ಬಿಟ್‌ಗಳ ವೇಗದವನು. ಡಿ-ಋಣವಾದರೆ 15 ಲಕ್ಷದವನು.

ಅನಂತರ ಸಂಭಾಷಣೆ. ಹೊಸದಾಗಿ ಬಂದವನ ವಿಳಾಸ ಸೊನ್ನೆ. ಕಂಪ್ಯೂಟರು ಅವನಿಗೆ 1ರಿಂದ 127ರ ಒಳಗೊಂದು ವಿಳಾಸವನ್ನು ಕೊಟ್ಟು, ಪರಿಚಯಪತ್ರವನ್ನು ಕೇಳುತ್ತದೆ. ಪತ್ರದ ಮೊದಲ ಭಾಗ 18 ಬೈಟುಗಳದು. ಅದರಲ್ಲಿ ತಯಾರಕರ ಸಂಖ್ಯೆ, ವಸ್ತುವಿನ ಸಂಖ್ಯೆ ಇತ್ಯಾದಿಗಳಿರುತ್ತವೆ. ಮುಂದಿನ ಪುಟಗಳಲ್ಲಿ ಕಸುಬಿನ ವಿವರ ಬರುತ್ತದೆ: 3 ಎಂದಿದ್ದರೆ ಕೀಲಿಮಣೆ, ಮೌಸುಗಳ ಜಾತಿ, 8 ಎಂದಿದ್ದರೆ ಕಡತಭಂಡಾರ. ಒಂದೇ ಪತ್ರದಲ್ಲಿ ಎರಡು ಮೂರು ಕಸುಬುಗಳನ್ನು ಬರೆದುಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಪತ್ರವನ್ನು ಬರೆಯುವುದು ಬೋರ್ಡಿನೊಳಗಣ ಕ್ರಮವಿಧಿ, ಎಂದರೆ ನಾವು. ಪೀಕೊಗೆ ‘ಸರ್ಕಿಟ್‌ಪೈಥಾನ್’ ಭಾಷೆಯನ್ನು ತುಂಬಿದರೆ ‘ಬೂಟ್.ಪಿವೈ’ ಎಂಬ ಕಡತವು ಕಂಪ್ಯೂಟರಿನೊಡನೆ ಮಾತು ಆರಂಭವಾಗುವುದಕ್ಕೆ ಮೊದಲೇ ಓಡುತ್ತದೆ. ಭಂಡಾರವನ್ನು ಮರೆಮಾಡು, ಕೀಲಿಮಣೆಯನ್ನು ಮಾತ್ರ ತೋರಿಸು ಎಂದು ಅಲ್ಲಿ ಬರೆದರಾಯಿತು. ಆದರೆ ಮಾತು ಮುಗಿದ ಮೇಲೆ ಮನಸ್ಸು ಬದಲಾಯಿಸುವಂತಿಲ್ಲ. 1,500 ಓಮಿನ ರೋಧಕವನ್ನು ಎಳೆಯಿಂದ ಬಿಡಿಸಿ, ಕ್ಷಣಕಾಲ ಹೊರಟುಹೋದಂತೆ ನಟಿಸಿ, ಹೊಸ ಪತ್ರದೊಡನೆ ಮತ್ತೆ ಬರಬೇಕು. ಪೀಕೊದಲ್ಲಿ ಈ ರೋಧಕ ಚಿಪ್ಪಿನ ಒಳಗೇ ಇದ್ದು, ಕ್ರಮವಿಧಿಯ ಅಂಕೆಯಲ್ಲಿರುವುದರಿಂದ ತಂತಿಯನ್ನು ಕೀಳುವ ಶ್ರಮವಿಲ್ಲ.

ಕೇಳಿದ್ದನ್ನೆಲ್ಲ ನಂಬುವವನಿಗೆ ಮೋಸವೂ ಸುಲಭ. 2014ರ ಆಗಸ್ಟಿನಲ್ಲಿ ಲಾಸ್ ವೇಗಾಸಿನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಕಾರ್‌ಸ್ಟೆನ್ ನೋಲ್, ಯಾಕೋಬ್ ಲೆಲ್ ಎಂಬಿಬ್ಬರು ಸಾಮಾನ್ಯ ಪೆನ್‌ಡ್ರೈವಿನ ಒಳಕ್ರಮವನ್ನೇ ತಿದ್ದಿ, ಅದು ಕೀಲಿಮಣೆಯೆಂದು ಹೇಳಿಕೊಂಡು ತಾನೇ ಆಜ್ಞೆಗಳನ್ನು ‘ಟೈಪು’ ಮಾಡುವುದನ್ನು ತೋರಿಸಿದರು. ಪೆನ್‌ಡ್ರೈವಿನ ಕಡತಗಳನ್ನು ಶೋಧಿಸುವ ವೈರಸ್ ನಿವಾರಕಕ್ಕೆ ಇದು ಕಾಣದು. ಏಕೆಂದರೆ ಕೇಡು ಕಡತದಲ್ಲಿಲ್ಲ, ಪರಿಚಯಪತ್ರದಲ್ಲಿದೆ. ದಾರಿಯಲ್ಲಿ ಸಿಕ್ಕಿದ ಪೆನ್‌ಡ್ರೈವನ್ನು ಕಾಲೇಜಿನ ಕಂಪ್ಯೂಟರಿಗೆ ಸಿಕ್ಕಿಸಬೇಡಿರೆಂದು ಹೇಳುವುದು ಬರಿಯ ಶಿಸ್ತಿನ ಮಾತಲ್ಲ.

ವೇಷ ಹಾಕಿದವನೇ ಸಿಕ್ಕಿಬೀಳುವುದೂ ಉಂಟು. ಭಂಡಾರವನ್ನು ಮರೆಮಾಡಿದ ಬಳಿಕ ‘ಬೂಟ್.ಪಿವೈ’ಯನ್ನು ತಿದ್ದಬೇಕೆಂದರೆ ಆ ಕಡತ ಇರುವುದು ಮರೆಯಾದ ಭಂಡಾರದಲ್ಲೇ! ಬೋರ್ಡನ್ನು ‘ಸುರಕ್ಷಿತ’ ಸ್ಥಿತಿಯಲ್ಲಿ ಎಬ್ಬಿಸಿದರೆ ಆ ಕಡತ ಓಡುವುದಿಲ್ಲ, ಬೀಗ ತೆರೆದುಕೊಳ್ಳುತ್ತದೆ. ಕ್ರಮವಿಧಿಯೇ ಕೆಟ್ಟಿದ್ದರೆ ‘ಬೂಟ್‌ಸೆಲ್’ ಗುಂಡಿಯನ್ನು ಒತ್ತಿ ಹಿಡಿದು ತಂತಿಯನ್ನು ಸಿಕ್ಕಿಸಬೇಕು. ಆಗ ಚಿಪ್ಪು ಹೊರಗಿನ ಸ್ಮೃತಿಯತ್ತ ನೋಡದೆ, ತನ್ನೊಳಗೆ ಕಾರ್ಖಾನೆಯಲ್ಲೇ ಅಚ್ಚಾದ 16 ಕಿಲೋಬೈಟಿನ ಶಾಶ್ವತ ಸ್ಮೃತಿಯಿಂದ ಎಚ್ಚತ್ತು, ಕಡತಭಂಡಾರವಾಗಿ ಕಾಣಿಸಿಕೊಳ್ಳುತ್ತದೆ. ಹೊಸ ಕ್ರಮವಿಧಿಯ ಕಡತವನ್ನು ಅದಕ್ಕೆ ನಕಲು ಮಾಡಿದರೆ ಸಾಕು.

ಪ್ರಯೋಗ ಮಾಡುವವರು ಮೊದಲೇ ಒಂದು ಏರ್ಪಾಡು ಮಾಡಿಕೊಳ್ಳಬಹುದು. ‘ಬೂಟ್.ಪಿವೈ’ಯ ಆರಂಭದಲ್ಲಿ ಬೋರ್ಡಿನ ಒಂದು ಕಾಲಿನ ವೋಲ್ಟೇಜನ್ನು ಓದಿಸಿ, ಆ ಕಾಲು ತುಂಡು ತಂತಿಯಿಂದ ಭೂಮಿಗೆ ಸೇರಿದ್ದರೆ ಮಾತ್ರ ಭಂಡಾರ ಮರೆಯಾಗುವಂತೆ ಬರೆಯಿರಿ. ತಿದ್ದಬೇಕಾದಾಗ ತಂತಿಯ ತುಂಡನ್ನು ಕಿತ್ತು, ಬೋರ್ಡನ್ನು ಮತ್ತೆ ಜೋಡಿಸಿದರಾಯಿತು.