ನಾಲ್ಕು ಬೆರಳಿಗೆ ಒಂದೇ ಮನೆ

ಕೈಗವಸಿನಲ್ಲಿ ಎರಡು ಬಗೆ. ಒಂದರಲ್ಲಿ ಐದು ಬೆರಳಿಗೂ ಪ್ರತ್ಯೇಕ ಕೋಣೆ, ಅದು ಗ್ಲೌಸ್. ಇನ್ನೊಂದರಲ್ಲಿ ಹೆಬ್ಬೆರಳು ಮಾತ್ರ ಬೇರೆ ಸಂಸಾರ ಹೂಡಿರುತ್ತದೆ, ಉಳಿದ ನಾಲ್ಕೂ ಅವಿಭಕ್ತ ಕುಟುಂಬದಂತೆ ಒಂದೇ ಚೀಲದಲ್ಲಿರುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಮಿಟನ್ ಎಂದು ಹೆಸರು. ಡಿಸೆಂಬರಿನ ಮುಂಜಾವಿನಲ್ಲಿ ಸ್ಕೂಟರ್ ಓಡಿಸುವ ನಮ್ಮವರಿಗೆ ಗ್ಲೌಸ್ ಸಾಕು. ಬ್ರೇಕು ಹಿಡಿಯಲು ಬೆರಳು ಬಿಡಿಯಾಗಿರಬೇಕು, ಚಳಿಯೂ ಅಷ್ಟೇನಲ್ಲ. ಆದರೆ ತಿಂಗಳುಗಟ್ಟಲೆ ಹಿಮ ಕವಿದಿರುವ ಸ್ವೀಡನ್, ನಾರ್ವೆ, ಎಸ್ಟೋನಿಯಾಗಳಂಥ ನಾಡುಗಳಲ್ಲಿ ಕೈ ಕಾಪಾಡಿದ್ದು ಮಿಟನ್. ಅಲ್ಲಿ ಬೆರಳು ಸೆಟೆದರೆ ಅದು ಬರೀ ಅನನುಕೂಲವಲ್ಲ. ಹಿಮ ಕಡಿದ ಬೆರಳನ್ನು ಕತ್ತರಿಸಬೇಕಾಗಿ ಬರುವುದೂ ಉಂಟು.

ಬೆರಳಿಗೇ ಏಕೆ ಇಷ್ಟು ಚಳಿ? ಬೆರಳನ್ನು ಆಡಿಸುವ ಸ್ನಾಯುಗಳು ಬಹುಪಾಲು ಮುಂಗೈಯಲ್ಲಿವೆ, ಬೆರಳಿನಲ್ಲಿ ಇರುವುದು ಅವುಗಳ ಹುರಿಗಳು ಮಾತ್ರ. ಹಾಗಾಗಿ ಬೆರಳು ತಾನಾಗಿ ಉತ್ಪಾದಿಸುವ ಶಾಖ ಅತ್ಯಲ್ಪ, ರಕ್ತ ತಂದುಕೊಟ್ಟ ಬಿಸಿಯೇ ಅದರ ಜೀವನ. ಚಳಿ ಏರಿದೊಡನೆ ದೇಹ ಹೃದಯ, ಮಿದುಳುಗಳನ್ನು ಉಳಿಸಿಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಕೆಲವು ನಿಮಿಷಗಳ ಬಳಿಕ ಆ ನಾಳಗಳು ತುಸು ತೆರೆದು ಮತ್ತೆ ಮುಚ್ಚಿಕೊಳ್ಳುತ್ತವೆ ಎಂಬುದನ್ನು ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ವಿವರಿಸಿದರು. ಅದಲ್ಲದೆ ತೆಳ್ಳಗಿನ ಬೆರಳಿಗೆ ಗಾತ್ರಕ್ಕಿಂತ ಮೈಯೇ ಹೆಚ್ಚು. ಸುತ್ತಲೂ ಗಾಳಿಗೆ ತೆರೆದುಕೊಂಡ ಮೈಯಿಂದ ಶಾಖ ಬೇಗ ಸೋರಿಹೋಗುತ್ತದೆ. ನಾಲ್ಕು ಬೆರಳು ಒತ್ತಾಗಿ ಕುಳಿತರೆ ತೆರೆದ ಮೈ ಕಡಿಮೆಯಾಗುತ್ತದೆ, ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ. ಯುದ್ಧಕಾಲದಲ್ಲಿ ಸೈನಿಕರಿಗೆಂದು ಹೆಣೆದ ಎಷ್ಟೋ ಮಿಟನ್‌ಗಳಲ್ಲಿ ಟ್ರಿಗರ್ ಎಳೆಯಲು ತೋರುಬೆರಳಿಗೆ ಮಾತ್ರ ಬೇರೆ ಕೋಣೆ ಕೊಟ್ಟು ಉಳಿದ ಮೂರನ್ನು ಒಟ್ಟಿಗೆ ಇಟ್ಟದ್ದು ಈ ಕಾರಣಕ್ಕೇ.

ಮಿಟನ್ನನ್ನು ಎರಡು ಕಡ್ಡಿಯಲ್ಲೂ ಹೆಣೆಯಬಹುದು, ಕ್ರೋಶಾದಲ್ಲೂ ಹಾಕಬಹುದು. ಎರಡಕ್ಕೂ ಮೂಲಭೂತ ಭೇದವಿದೆ. ಕಡ್ಡಿ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಜೀವ ಹಿಡಿದುಕೊಂಡಿರುತ್ತವೆ. ಕಡ್ಡಿ ಜಾರಿದರೆ ಇಡೀ ಸಾಲಿಗೇ ಅಪಾಯ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದೇ ಕುಣಿಕೆ ತೆರೆದಿರುತ್ತದೆ, ಹಿಂದಿನದೆಲ್ಲ ಗಂಟು ಬಿದ್ದು ಮುಗಿದಿರುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿತೆಂದು ಕೆಲಸ ಬಿಟ್ಟು ಓಡಿದರೂ ಹಾನಿಯಿಲ್ಲ. ಆದರೆ ಕ್ರೋಶಾ ಹೆಚ್ಚು ನೂಲು ತಿನ್ನುತ್ತದೆ, ದಪ್ಪಗೆ ಬಿರುಸಾಗುತ್ತದೆ, ಅಷ್ಟಾಗಿ ಹಿಗ್ಗುವುದಿಲ್ಲ. ಸ್ವೆಟರಿಗೆ ಇವೆಲ್ಲ ದೋಷಗಳೇ. ಮಿಟನ್ನಿಗೆ ಹಾಗಲ್ಲ. ದಪ್ಪ ಬೇಕೇ ಬೇಕು, ಬಿರುಸಿದ್ದರೆ ಸೌದೆ ಹೊರುವಾಗ ಸವೆಯುವುದಿಲ್ಲ.

ಯುರೋಪಿನ ಕ್ರೋಶಾದ ಇತಿಹಾಸ ಬಹಳ ಹಳೆಯದೇನಲ್ಲ. ಮುದ್ರಿತ ವಿನ್ಯಾಸ ಮೊದಲು ಕಾಣಿಸಿಕೊಂಡದ್ದು 1823ರಲ್ಲಿ, ಪೆನೆಲೊಪೆ ಎಂಬ ಡಚ್ ಪತ್ರಿಕೆಯಲ್ಲಿ. ಆದರೆ ಪತ್ರಿಕೆಯ ಹೆಂಗಳೆಯರಿಗಿಂತ ಮೊದಲೇ ಕುರಿ ಕಾಯುವವರ ಮನೆಗಳಲ್ಲಿ ಅದರ ಬಡ ಅಕ್ಕನೊಬ್ಬಳಿದ್ದಳು. ಸ್ಕಾಟ್ಲೆಂಡಿನ ಎಲಿಜಬೆತ್ ಗ್ರಾಂಟ್ 1898ರಲ್ಲಿ ಅಚ್ಚಾದ ತಮ್ಮ ನೆನಪುಗಳಲ್ಲಿ, ಹತ್ತೊಂಬತ್ತನೇ ಶತಮಾನದ ಆರಂಭದ ಗೃಹಿಣಿಯೊಬ್ಬಳನ್ನು ಚಿತ್ರಿಸಿದ್ದಾರೆ. ಆಕೆ ಆಮೆ ಚಿಪ್ಪಿನ ಹಳೆಯ ಬಾಚಣಿಗೆಯ ಹಲ್ಲೊಂದನ್ನು ಕೊಕ್ಕೆ ಮಾಡಿಕೊಂಡು, ಮನೆಯಲ್ಲೇ ನೂತ ಉಣ್ಣೆಯಿಂದ ಗಂಡನಿಗೆ ಟೊಪ್ಪಿಗೆ, ಒಳಚಡ್ಡಿ, ತೋಳಿಲ್ಲದ ಅಂಗಿಗಳನ್ನು ಹಾಕುತ್ತಿದ್ದಳಂತೆ. ಅದಕ್ಕೆ ಅವಳು ಕೊಟ್ಟ ಹೆಸರು ‘ಕುರುಬರ ಹೆಣಿಗೆ’. (ಈ ಎಲಿಜಬೆತ್ ಮುಂದೆ ನ್ಯಾಯಾಧೀಶರಾಗಿದ್ದ ತಂದೆಯೊಂದಿಗೆ ಮುಂಬಯಿಗೆ ಬಂದು ಅಲ್ಲಿಯೇ ಮದುವೆಯಾದರು.) ಇಂದು ಸ್ಲಿಪ್ ಸ್ಟಿಚ್ ಎನ್ನುವ, ಕ್ರೋಶಾದಲ್ಲೇ ಅತಿ ಗಿಡ್ಡ ಕುಣಿಕೆ ಅದಾಗಿತ್ತೆಂದು ಬಲ್ಲವರ ಊಹೆ. ಸ್ವೀಡನ್, ನಾರ್ವೆ, ಎಸ್ಟೋನಿಯಾಗಳಲ್ಲೂ ಮರ, ಮೂಳೆಗಳ ಚಪ್ಪಟೆ ಕೊಕ್ಕೆಯಿಂದ ಇದೇ ಕ್ರಮದಲ್ಲಿ ಮಿಟನ್ ಹಾಕುತ್ತಿದ್ದರು. ಕೆಲಸ ನಿಧಾನ, ಒಂದು ಅಂಗುಲ ಏರಲು ಹಲವು ಸುತ್ತು ಬೇಕು. ಬದಲಿಗೆ ಸಿಗುವುದು ಗಾಳಿ ನುಸುಳದ ಒತ್ತು ಬಟ್ಟೆ.

ಕನ್ನಡನಾಡಿನ ಮಧ್ಯಮ ವರ್ಗದ ಮನೆಗಳಿಗೆ ಕ್ರೋಶಾ ಹೊಸದಲ್ಲ. ಶಾಲೆಯ ಹೊಲಿಗೆ ಪಾಠದಲ್ಲಿ ಕಲಿತದ್ದು ಮೇಜಿನ ಹೊದಿಕೆಯಾಗಿ, ಬಾಗಿಲ ತೋರಣವಾಗಿ, ಮಗುವಿನ ಕುಲಾವಿಯಾಗಿ ರೂಪ ತಳೆದಿದೆ. ಟೊರಾಂಟೊ, ಚಿಕಾಗೋಗಳಲ್ಲಿ ನೆಲೆಸಿದ ಮಗಳ ಬಾಣಂತನಕ್ಕೆ ಹೋಗುವ ತಾಯಂದಿರು ಜೊತೆಗೊಂದು ಕ್ರೋಶಾ ಕಡ್ಡಿ ಒಯ್ಯುವುದೂ ಉಂಟು. ತೊಂದರೆಯೆಂದರೆ, ನಮ್ಮ ಕ್ರೋಶಾ ಸೆಖೆಯ ನಾಡಿನದು. ಅದರ ಚೆಂದವೆಲ್ಲ ತೂತಿನಲ್ಲಿದೆ. ಮಿಟನ್ನಿಗೆ ತೂತೇ ಶತ್ರು.

ಬೆಚ್ಚಗಿನ ಮಿಟನ್ ಹಾಕುವವರು ಹೀಗೆ ಮಾಡುತ್ತಾರೆ. ಸಾಮಾನ್ಯ ಹೆಂಗಸಿನ ಕೈಗೆ ಮಧ್ಯಮ ದಪ್ಪದ ನೂರು ಗ್ರಾಂ ಉಣ್ಣೆ, ನಾಲ್ಕೂವರೆ ಮಿಲಿಮೀಟರ್ ಕಡ್ಡಿ. ಮೊದಲು ಮಣಿಕಟ್ಟಿನ ಪಟ್ಟಿ. ಹತ್ತು ಕುಣಿಕೆ ಅಗಲದ ಉದ್ದನೆಯ ಪಟ್ಟಿ ಹಾಕುತ್ತಾರೆ. ಪ್ರತಿ ಸಾಲಿನಲ್ಲೂ ಹಿಂದಿನ ಕುಣಿಕೆಯ ಎರಡು ಎಳೆಗಳಲ್ಲಿ ಹಿಂಬದಿಯದನ್ನು ಮಾತ್ರ ಹಿಡಿದರೆ ಉಬ್ಬು ತಗ್ಗಿನ ಗೆರೆಗಳು ಮೂಡಿ, ಹಿಗ್ಗದ ಕ್ರೋಶಾ ಕೂಡ ತಕ್ಕಮಟ್ಟಿಗೆ ಹಿಗ್ಗುತ್ತದೆ. ಸುಮಾರು ಇಪ್ಪತ್ತೆಂಟು ಸಾಲಾದಾಗ ಎರಡು ತುದಿ ಸೇರಿಸಿ ಬಳೆಯಂತೆ ಮಾಡುತ್ತಾರೆ. ಅದರ ಅಂಚಿನಲ್ಲಿ ಸಾಲಿಗೊಂದು ಕುಣಿಕೆ ಎತ್ತಿಕೊಂಡು ಸುತ್ತು ಸುತ್ತಾಗಿ ಮೇಲೇರುವುದು. ಇಲ್ಲಿ ಬಳಸುವ ಕುಣಿಕೆಗೆ ಅಮೆರಿಕದ ಪುಸ್ತಕಗಳು ಸಿಂಗಲ್ ಕ್ರೋಶಾ ಎಂದರೆ ಬ್ರಿಟನ್ನಿನವು ಡಬಲ್ ಕ್ರೋಶಾ ಎನ್ನುತ್ತವೆ. ಪುಸ್ತಕ ಯಾವ ದೇಶದ್ದೆಂದು ನೋಡದೆ ಕೂತರೆ ಮಿಟನ್ ಬಲೆಯಾಗುತ್ತದೆ.

ನಿಜವಾದ ಜಾಣತನ ಹೆಬ್ಬೆರಳಿನ ಬುಡದಲ್ಲಿದೆ. ಹೆಬ್ಬೆರಳು ಅಂಗೈಗೆ ಅಂಟಿಸಿದ ಕೊಳವೆಯಲ್ಲ. ಮಣಿಕಟ್ಟಿನಿಂದಲೇ ಅದರ ದಿಣ್ಣೆ ಶುರುವಾಗುತ್ತದೆ. ಅದಕ್ಕೆಂದು ಒಂದೆಡೆ ಗುರುತಿಟ್ಟು, ಸುತ್ತು ಬಿಟ್ಟು ಸುತ್ತಿನಲ್ಲಿ ಎರಡೆರಡು ಕುಣಿಕೆ ಹೆಚ್ಚಿಸಿ ಒಂದು ತ್ರಿಕೋನ ಬೆಳೆಸುತ್ತಾರೆ. ತ್ರಿಕೋನ ಹತ್ತು ಕುಣಿಕೆ ಅಗಲವಾದಾಗ ಆ ಹತ್ತನ್ನು ಹಾಗೇ ಬಿಟ್ಟು, ಮೇಲೆ ಎರಡು ಚೈನಿನ ಸೇತುವೆ ಹಾಕಿ ಮುಂದೆ ಹೋಗುವುದು. ಕಿರುಬೆರಳ ತುದಿ ಮುಟ್ಟುವವರೆಗೆ ನೇರ ಏರಿಸಿ, ಅಲ್ಲಿಂದ ಕುಣಿಕೆ ಕಳೆಯುತ್ತ ಬಂದು ಮಧ್ಯದ ಬೆರಳಿನ ಮೇಲೆ ಮುಚ್ಚುತ್ತಾರೆ. ಕಡೆಗೆ ಬಿಟ್ಟ ಹತ್ತು ಕುಣಿಕೆಗೆ ಮರಳಿ ಹೆಬ್ಬೆರಳ ಕೋಣೆ ಕಟ್ಟುವುದು. ಸೇತುವೆಯ ಎರಡು ಮೂಲೆಗಳಲ್ಲಿ ತೂತು ಉಳಿಯುವುದು ಖಂಡಿತ. ನೂಲಿನ ತುದಿಯನ್ನು ಸೂಜಿಯಲ್ಲಿ ಪೋಣಿಸಿ ಅದನ್ನು ಬಿಗಿಯಬೇಕು.

ಎಲ್ಲರೂ ಮಾಡುವ ತಪ್ಪೊಂದಿದೆ: ಕೈಗೆ ಅಂಟಿದಂತೆ ಕೂರಲಿ ಎಂದು ಬಿಗಿಯಾಗಿ ಹಾಕುವುದು. ಬೆಚ್ಚಗಿಡುವುದು ಉಣ್ಣೆಯ ಎಳೆಯಲ್ಲ, ಅದರ ಗುಂಗುರುಗಳ ನಡುವೆ ಸಿಕ್ಕಿಬಿದ್ದ ನಿಶ್ಚಲ ಗಾಳಿ. ಬಿಗಿದರೆ ಆ ಗಾಳಿಗೆ ಜಾಗವಿಲ್ಲ, ರಕ್ತಕ್ಕೂ ದಾರಿಯಿಲ್ಲ. ಅದಕ್ಕೇ ಕೈಯ ಸುತ್ತಳತೆಗಿಂತ ಎರಡು ಸೆಂಟಿಮೀಟರಾದರೂ ಸಡಿಲ ಇರಬೇಕು.

ನೂಲಿನ ಆಯ್ಕೆಯಲ್ಲೂ ಮೋಸ ಹೋಗುವುದು ಸುಲಭ. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಕೊಡುವ ಬಣ್ಣಬಣ್ಣದ ಉಂಡೆಗಳಲ್ಲಿ ಬಹಳಷ್ಟು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ಕಿನ ಬಂಧು. ಕುರಿಯ ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಯೂ ಒದ್ದೆಯೆನಿಸುವುದಿಲ್ಲ, ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಅಕ್ರಿಲಿಕ್ಕಿಗೆ ಆ ಗುಣವಿಲ್ಲ. ಉಣ್ಣೆಯ ಎಳೆಯ ಮೇಲೆ ಮೀನಿನಂತೆ ಸಣ್ಣ ಪೊರೆಗಳಿವೆ. ಬಿಸಿನೀರು, ಸಾಬೂನು ಹಾಕಿ ತಿಕ್ಕಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ದಟ್ಟವಾಗುತ್ತದೆ. ಸ್ವೆಟರ್ ಹಾಳಾಯಿತೆಂದು ಮನೆಯಲ್ಲಿ ಗೋಳಾಡುವ ಅದೇ ಅನಾಹುತವನ್ನು ಉತ್ತರದವರು ಬೇಕೆಂದೇ ಮಾಡಿದರು. ಮಿಟನ್ನನ್ನು ಅಳತೆಗಿಂತ ದೊಡ್ಡದಾಗಿ ಹಾಕಿ, ತಿಕ್ಕಿ ತಿಕ್ಕಿ ಕೈಯಳತೆಗೆ ಇಳಿಸುತ್ತಿದ್ದರು. ಆಗ ಕುಣಿಕೆಗಳ ನಡುವಿನ ತೂತೂ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ಶ್ರಮದ ಬೆಲೆ ಎಷ್ಟು? ಎರಡು ಕಡ್ಡಿಯ ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ 1589ರಲ್ಲೇ ಯಂತ್ರ ಕಟ್ಟಿದ. ನಿಜವಾದ ಕ್ರೋಶಾವನ್ನು ಮಾಡುವ ಯಂತ್ರ ಮಾತ್ರ ಕಾರ್ಖಾನೆಗೆ ಇನ್ನೂ ಬಂದಿಲ್ಲ. ಆ ಹೆಸರಿನ ಯಂತ್ರಗಳು ಮಾಡುವುದು ಬೇರೆ ಜಾತಿಯ ಹೆಣಿಗೆ. ಅಂದರೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾ ಟೊಪ್ಪಿಗೆಯ ಹಿಂದೆಯೂ ಯಾರದೋ ಗಂಟೆಗಟ್ಟಲೆ ಕೈಕೆಲಸವಿದೆ. ಆಂಧ್ರದ ನರಸಾಪುರದಲ್ಲಿ ಮನೆಯಲ್ಲೇ ಕೂತು ರಫ್ತಿಗಾಗಿ ಕ್ರೋಶಾ ಲೇಸ್ ಹಾಕುವ ಹೆಂಗಸರನ್ನು ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಅವರು ಕಂಡಂತೆ ವ್ಯಾಪಾರ ನಡೆಯುತ್ತಿದ್ದುದು ದೂರದ ದೇಶಗಳೊಂದಿಗೆ. ಹಾಕುವವಳು ಮಾತ್ರ ಬಿಡುವಿನ ವೇಳೆ ಕಳೆಯುವ ಗೃಹಿಣಿ ಎಂದೇ ಲೆಕ್ಕ, ಕೂಲಿಯೂ ಅದಕ್ಕೆ ತಕ್ಕಂತೆ. ಬಾಚಣಿಗೆ ಹಲ್ಲಿನ ಆ ಸ್ಕಾಟ್ಲೆಂಡಿನವಳ ದುಡಿಮೆಯನ್ನಾದರೂ ಯಾರೂ ಲೆಕ್ಕಕ್ಕೆ ಹಿಡಿದಿರಲಾರರು.

ದುಡಿದವರು ಅದನ್ನು ಜೋಪಾನ ಮಾಡಿದ್ದು ಮಾತ್ರ ಸಹಜ. ಮಿಟನ್ ಮೊದಲು ಸವೆಯುವುದು ಅಂಗೈಯಲ್ಲಿ. ಐಸ್‌ಲೆಂಡಿನ ಮೀನುಗಾರರು ಹಗ್ಗ ಎಳೆಯಲು ಧರಿಸುತ್ತಿದ್ದ ಹೆಣೆದ ಮಿಟನ್‌ಗಳಿಗೆ ಎರಡು ಹೆಬ್ಬೆರಳು, ಆಚೆಗೊಂದು ಈಚೆಗೊಂದು. ಒಂದು ಮಗ್ಗುಲು ತೇಯ್ದರೆ ಅದನ್ನೇ ತಿರುಗಿಸಿ ಹಾಕಿಕೊಂಡು ಮತ್ತೆ ಕಡಲಿಗೆ ಇಳಿಯುತ್ತಿದ್ದರು. ಹೆಬ್ಬೆರಳನ್ನು ಅಂಗೈ ಕಡೆಗೆ ವಾಲಿಸದೆ ನೇರ ಪಕ್ಕಕ್ಕೇ ಇಟ್ಟ ಕ್ರೋಶಾ ಮಿಟನ್ನಿನಲ್ಲಿ ಆ ಎರಡನೆಯ ಹೆಬ್ಬೆರಳೂ ಬೇಡ. ಎಡ ಬಲವೆಂಬ ಭೇದವಿಲ್ಲದ್ದರಿಂದ ಆಗಾಗ ಕೈ ಬದಲಿಸಿದರೆ ಎರಡು ಮಗ್ಗುಲೂ ಸಮನಾಗಿ ಸವೆಯುತ್ತವೆ. ತುದಿ ಹರಿದರೆ ಅಲ್ಲಿಯವರೆಗೆ ಬಿಚ್ಚಿ, ಅದೇ ನೂಲಿನಿಂದಲೋ ಉಳಿದ ಬಣ್ಣದಿಂದಲೋ ಮತ್ತೆ ಹಾಕಿದರಾಯಿತು.