ಎಳೆಗೂಸಿನ ಉಸಿರು, ಎಳೆಯ ಸಂಶೋಧಕರ ಹಣ

ಗರ್ಭದಲ್ಲಿರುವ ಶಿಶು ಮತ್ತು ನವಜಾತ ಶಿಶುವಿನ ಆರೋಗ್ಯದ ಸಂಶೋಧನೆಗೆ ಈಗಷ್ಟೇ ಇಳಿದ ಯುವ ವೈದ್ಯರಿಗೆ, ವಿಜ್ಞಾನಿಗಳಿಗೆ ಹಣ ಕೊಡಬೇಕೆಂದು ಮಾತೆತ್ತಿದರೆ ಕೆಲವು ಆಕ್ಷೇಪಗಳು ಸಿದ್ಧವಾಗಿಯೇ ಇರುತ್ತವೆ. ಹೇಳುವವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ 2022ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 23 ಲಕ್ಷ ಕೂಸುಗಳು ಹುಟ್ಟಿದ ತಿಂಗಳೊಳಗೆ ತೀರಿಕೊಂಡವು. ಆ ಲೆಕ್ಕವನ್ನು ಎದುರಿಗಿಟ್ಟುಕೊಂಡೇ ಈ ಮಾತುಗಳನ್ನು ನೋಡಬೇಕು.

ತಪ್ಪು ಕಲ್ಪನೆ: ಕೂಸು ಉಳಿಸುವ ದಾರಿಗಳೆಲ್ಲ ಗೊತ್ತಿವೆ. ಸಂಶೋಧನೆಯ ದುಡ್ಡಿನಲ್ಲಿ ಜಿಲ್ಲಾಸ್ಪತ್ರೆಗೆ ಕೂಸನ್ನು ಬೆಚ್ಚಗಿಡುವ ನಾಲ್ಕು ವಾರ್ಮರ್ ಕೊಡಿಸಿ.

ವಾಸ್ತವ: ವಾರ್ಮರ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಡೆ ಗೊತ್ತಾದದ್ದು ಇನ್ನೊಂದು ಕಡೆಗೂ ಹೊಂದುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಕಂಡಾಗ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ವೈದ್ಯರಾದ ಲಿಗಿನ್ಸ್ ಮತ್ತು ಹೋವಿ ಇದನ್ನು 1972ರಲ್ಲೇ ತೋರಿಸಿದ್ದರು. ಹಾಗಾದರೆ ನಮ್ಮ ಹಳ್ಳಿಗಳಲ್ಲೂ ಕೊಟ್ಟರಾಯಿತಲ್ಲ? ಬೆಳಗಾವಿ, ನಾಗಪುರ ಸೇರಿದಂತೆ ಆರು ದೇಶಗಳ ಹಲವು ಕಡೆ ಲಕ್ಷದ ಹತ್ತಿರ ಹೆರಿಗೆಗಳನ್ನು ಗಮನಿಸಿದ ‘ಆಕ್ಟ್’ ಪ್ರಯೋಗದ ಫಲಿತಾಂಶ 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ತೀರ ಸಣ್ಣ ಕೂಸುಗಳ ಸಾವು ಇಳಿದಿರಲಿಲ್ಲ. ಒಟ್ಟಾರೆ ನವಜಾತ ಶಿಶುಗಳ ಸಾವು ಏರಿತ್ತು! ಗರ್ಭಕ್ಕೆ ಎಷ್ಟು ವಾರ ಎಂಬುದು ಖಚಿತವಾಗಿ ತಿಳಿಯದ ಕಡೆಗಳಲ್ಲಿ, ಅವಧಿಗೆ ಮುನ್ನ ಹೆರಿಗೆಯಾಗದ ಎಷ್ಟೋ ಬಸುರಿಯರಿಗೂ ಮದ್ದು ಹೋಗಿತ್ತು.

ಅಲ್ಲಿಗೇ ಕೈಬಿಟ್ಟಿದ್ದರೆ ಒಳ್ಳೆಯ ಮದ್ದೊಂದು ನಮ್ಮ ಪಾಲಿಗೆ ಕೆಟ್ಟ ಹೆಸರು ಹೊತ್ತು ಉಳಿಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗ್‌ನಿಂದ ವಾರಗಳನ್ನು ಖಚಿತ ಮಾಡಿಕೊಂಡು, ಮತ್ತೊಮ್ಮೆ ಪರೀಕ್ಷಿಸಿತು. ಇದರಲ್ಲೂ ಬೆಳಗಾವಿ ಇತ್ತು. 2020ರಲ್ಲಿ ಬಂದ ಉತ್ತರ: ಮದ್ದು ಪಡೆದ ತಾಯಂದಿರ ಕೂಸುಗಳಲ್ಲಿ ಶೇ. 19.6ರಷ್ಟು, ಪಡೆಯದವರಲ್ಲಿ ಶೇ. 23.5ರಷ್ಟು ಸಾವು. ಎಂದರೆ 25 ತಾಯಂದಿರಿಗೆ ಮದ್ದು ಕೊಟ್ಟರೆ ಒಂದು ಜೀವ ಹೆಚ್ಚಿಗೆ ಉಳಿಯುತ್ತದೆ. ಮದ್ದು ಹಳೆಯದೇ, ಯಾರಿಗೆ, ಯಾವಾಗ, ಎಂಥ ಆಸ್ಪತ್ರೆಯಲ್ಲಿ ಕೊಡಬೇಕೆಂಬುದು ಹೊಸ ತಿಳಿವಳಿಕೆ. ವಾರ್ಮರ್ ಎಷ್ಟು ಕೊಂಡರೂ ಅದು ಸಿಗುತ್ತಿರಲಿಲ್ಲ.

ತಪ್ಪು ಕಲ್ಪನೆ: ಹಣವನ್ನು ಅನುಭವಸ್ಥರಿಗೆ ಕೊಡುವುದೇ ಕ್ಷೇಮ.

ವಾಸ್ತವ: ಹಿರಿಯರು ಬೇಕೇ ಬೇಕು. ಆದರೆ ಮೇರಿ ಎಲೆನ್ ಏವರಿಯನ್ನು ನೆನೆಯಿರಿ. ಮಕ್ಕಳ ವೈದ್ಯೆಯಾಗಿದ್ದ ಆಕೆ ಫೆಲೋಶಿಪ್ ಪಡೆದು ಹಾರ್ವರ್ಡ್‌ಗೆ ಹೋದಾಗ ಮೂವತ್ತರ ಆಸುಪಾಸಿನವರು. ಉಸಿರಾಟದ ತೊಂದರೆಯಿಂದ ತೀರಿಕೊಂಡ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಶ್ವಾಸಕೋಶವನ್ನು ಪರೀಕ್ಷಿಸಿ, ಅಲ್ಲಿ ಇರಬೇಕಾದ ಸರ್ಫ್ಯಾಕ್ಟಂಟ್ ಇಲ್ಲವೆಂದು 1959ರಲ್ಲಿ ಜೆರೆ ಮೀಡ್ ಅವರೊಂದಿಗೆ ಪ್ರಕಟಿಸಿದರು. ಉಸಿರು ಬಿಟ್ಟಾಗ ಗಾಳಿಚೀಲಗಳು ಕುಸಿದು ಮುಚ್ಚಿಕೊಳ್ಳದಂತೆ ಕಾಯುವ ಪದಾರ್ಥ ಅದು. ನಾಲ್ಕು ವರ್ಷದ ನಂತರ, 1963ರ ಆಗಸ್ಟ್‌ನಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯ ಮಗು ಪ್ಯಾಟ್ರಿಕ್ ಇದೇ ಕಾಯಿಲೆಯಿಂದ 39 ಗಂಟೆಯಷ್ಟೇ ಬದುಕಿತು. ಕಾರಣ ಗೊತ್ತಿತ್ತು, ಮದ್ದು ಇರಲಿಲ್ಲ. ಜಪಾನಿನ ವೈದ್ಯ ಫುಜಿವಾರಾ ಹತ್ತು ಕೂಸುಗಳಿಗೆ ಸರ್ಫ್ಯಾಕ್ಟಂಟ್ ಕೊಟ್ಟು ಫಲ ಕಂಡ ವರದಿ ಬಂದದ್ದು 1980ರಲ್ಲಿ. ಇಪ್ಪತ್ತು ವರ್ಷ ಹಿಡಿಯುವ ಕೆಲಸವನ್ನು ಯಾರಾದರೂ ಮೂವತ್ತರಲ್ಲಿ ಶುರು ಮಾಡಲೇಬೇಕು.

ತಪ್ಪು ಕಲ್ಪನೆ: ಉಪಯೋಗವಿರುವ ವಿಷಯವಾದರೆ ಔಷಧ ಕಂಪನಿಗಳೇ ಹಣ ಹಾಕುತ್ತವೆ.

ವಾಸ್ತವ: ತಾಯಿಯ ಎದೆಗೆ ಕೂಸನ್ನು ಒತ್ತಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆಯಲ್ಲಿ ಮಾರಲು ಏನಿದೆ? 1978ರಲ್ಲಿ ಕೊಲಂಬಿಯದ ಬೊಗೋಟಾದಲ್ಲಿ ವೈದ್ಯ ಎಡ್ಗರ್ ರೇ ಅದನ್ನು ಆರಂಭಿಸಿದರು. ಕಡಿಮೆ ತೂಕದ ಕೂಸು ಚೇತರಿಸಿಕೊಳ್ಳುವ ತನಕ ಕಾಯದೆ, ಹುಟ್ಟಿದೊಡನೆ ಶುರು ಮಾಡಿದರೆ ಸಾವಿನ ಅಪಾಯ ಶೇ. 25ರಷ್ಟು ಇಳಿಯುತ್ತದೆಂದು ಭಾರತವೂ ಸೇರಿದ ಐದು ದೇಶಗಳ ಪ್ರಯೋಗ 2021ರಲ್ಲಿ ತೋರಿಸಿತು. ಇಂಥದ್ದಕ್ಕೆ ಸಾರ್ವಜನಿಕ ಹಣ, ದತ್ತಿ ಹಣವೇ ಗತಿ.

ತಪ್ಪು ಕಲ್ಪನೆ: ಚಿಕಿತ್ಸೆ ಫಲಿಸಲಿಲ್ಲವೆಂದರೆ ಹಣ ನೀರುಪಾಲು.

ವಾಸ್ತವ: ಹುಟ್ಟುವಾಗ ಆಮ್ಲಜನಕ ಸಾಲದೆ ಮಿದುಳು ನೊಂದ ಕೂಸಿನ ಮೈಯನ್ನು ಮೂರು ದಿನ ತಂಪಾಗಿಡುವುದು ಶ್ರೀಮಂತ ದೇಶಗಳಲ್ಲಿ ಒಪ್ಪಿತ ಚಿಕಿತ್ಸೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಕೂಸುಗಳ ಮೇಲೆ ನಡೆದ ‘ಹೀಲಿಕ್ಸ್’ ಪ್ರಯೋಗದಲ್ಲಿ ತಂಪು ಮಾಡಿದವರಲ್ಲಿ ಶೇ. 42, ಮಾಡದವರಲ್ಲಿ ಶೇ. 31 ಸಾವು ಕಂಡಿತು. ಈ ‘ಸೋಲು’ 2021ರಲ್ಲಿ ಅಚ್ಚಾಗದೇ ಹೋಗಿದ್ದರೆ, ಒಳ್ಳೆಯದೇ ಮಾಡುತ್ತಿದ್ದೇವೆಂಬ ನಂಬಿಕೆಯಲ್ಲಿ ನಾವು ಇನ್ನೆಷ್ಟು ಕೂಸುಗಳನ್ನು ತಂಪು ಮಾಡುತ್ತಿದ್ದೆವೋ.

ತಪ್ಪು ಕಲ್ಪನೆ: ಎರಡು ಮೂರು ವರ್ಷದ ಅನುದಾನ ಧಾರಾಳವಾಯಿತು.

ವಾಸ್ತವ: ನನ್ನನ್ನು ಹೆಚ್ಚು ಕಾಡುವುದು ಇದು. ಹೀಲಿಕ್ಸ್‌ನಂಥ ಅಧ್ಯಯನದಲ್ಲಿ ಮಗುವಿಗೆ ಒಂದೂವರೆ ವರ್ಷ ತುಂಬಿದ ಮೇಲೆಯೇ ಬೆಳವಣಿಗೆಯ ಪರೀಕ್ಷೆ. ಅಷ್ಟರಲ್ಲಿ ತಾಯಿ ಎಲ್ಲಿರುತ್ತಾಳೆ? ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನ ಮುಗಿಸಿ ಮೂರು ತಿಂಗಳಿಗೋ ಐದಕ್ಕೋ ಗಂಡನ ಮನೆ. ಮಳೆ ಕೈಕೊಟ್ಟ ವರ್ಷ ಗುಳೆ. ಬರೆಸಿದ ಫೋನ್ ನಂಬರು ಅಣ್ಣನದೋ ಮಾವನದೋ ಆಗಿರುತ್ತದೆ. ಊರೂರು ತಿರುಗಿ ಆ ಮಗುವನ್ನು ಹುಡುಕಲು ಜನ ಬೇಕು, ಬಸ್ಸಿನ ಖರ್ಚು ಬೇಕು, ಸಂಶೋಧಕ ವೈದ್ಯೆಗೆ ವಾರ್ಡಿನ ಡ್ಯೂಟಿಯಿಂದ ಬಿಡುವು ಬೇಕು. ನೀತಿ ಸಮಿತಿಯ ಒಪ್ಪಿಗೆಗೆ ಕೆಲವು ತಿಂಗಳು, ತಾಯಂದಿರನ್ನು ಸೇರಿಸಿಕೊಳ್ಳಲು ವರ್ಷಕ್ಕೂ ಮಿಕ್ಕಿ ಕಾಲ. ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್ ಸಂಸ್ಥೆ 2008ರಿಂದ ಐದು ವರ್ಷದ ಫೆಲೋಶಿಪ್‌ಗಳನ್ನು ಕೊಡುತ್ತ ಬಂದದ್ದು ಈ ಕಾರಣಕ್ಕೇ ಮುಖ್ಯ ಎನಿಸುತ್ತದೆ. ಮೂರೇ ವರ್ಷದ ಅನುದಾನವಾದರೆ, ಕೊನೆಗೆ ಸೇರಿದ ಕೂಸು ಅಂಬೆಗಾಲಿಡುತ್ತಿರುವಾಗಲೇ ಹಣದ ಗಡುವು ತೀರಿ, ಅದನ್ನು ಹುಡುಕಿ ಹೋಗಬೇಕಾದವಳು ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತಿರುತ್ತಾಳೆ.